ಫಿಲ್ಮಿನ ಛಾಯೆ, ಗಣಕದ ಮಾಯೆ

ದೀಪಾವಳಿಯ ಮುಂಜಾವಿನಲ್ಲಿ ಡೊಂಬಿವಲಿಯ ಫಡ್ಕೆ ರಸ್ತೆಯನ್ನು ಕಂಡವರಿಗೆ ಅಲ್ಲಿನ ಸಂಭ್ರಮವನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಹೊಸ ಉಡುಪು ತೊಟ್ಟ ತರುಣ ತರುಣಿಯರು ಗಣೇಶ ಮಂದಿರದ ಆಸುಪಾಸಿನಲ್ಲಿ ಕಿಕ್ಕಿರಿದು ನೆರೆಯುತ್ತಾರೆ. ಹಳೆಯ ಗೆಳೆಯರನ್ನು ಕಂಡು ಶುಭಾಶಯ ಹೇಳುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ ಛಾಯಾಚಿತ್ರಗಳನ್ನು ತೆಗೆದುಕೊಳ್ಳುತ್ತಾರೆ. ಈ ಚಿತ್ರಗಳಲ್ಲಿ ಕೆಲವನ್ನು ತುಸು ನಿಧಾನಿಸಿ ನೋಡಿದರೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ. ಅದೇ ಬೆಳಿಗ್ಗೆ ತೆಗೆದ ಚಿತ್ರವು ನಲವತ್ತು ವರ್ಷ ಹಳೆಯ ಆಲ್ಬಮಿನಿಂದ ಕಿತ್ತು ತೆಗೆದಂತೆ ತೋರುತ್ತದೆ. ಬಣ್ಣ ಕೊಂಚ ಮಾಸಿದೆ. ನೆರಳು ಹಸಿರಿಗೆ ತಿರುಗಿದೆ. ನಯವಾದ ಮರಳನ್ನು ಎರಚಿದಂತೆ ಎಲ್ಲೆಡೆ ಕಣಗಳಿವೆ. ಒಂದು ಅಂಚಿನಲ್ಲಿ ಬೆಳಕು ಸೋರಿದಂಥ ಕಿತ್ತಳೆ ಬಣ್ಣದ ಕಲೆಯೂ ಇದೆ. ಇದು ಕ್ಯಾಮೆರಾದ ದೋಷವಲ್ಲ. ಒಂದು ತಂತ್ರಾಂಶದ ನೆರವಿನಿಂದ ಬೇಕೆಂದೇ ಬರಿಸಿಕೊಂಡ ಹಳೆತನ.

ಥಾಣೆಯ ಉಪವನ ಕೆರೆಯ ದಂಡೆಯಲ್ಲಾಗಲಿ, ಕಲ್ಯಾಣದ ದುರ್ಗಾಡಿ ಕೋಟೆಯ ಬಳಿಯಲ್ಲಾಗಲಿ ಮದುವೆಗೆ ಮುಂಚಿನ ಚಿತ್ರಗಳಿಗಾಗಿ ನಿಲ್ಲುವ ಜೋಡಿಗಳಿಗೂ ಈ ‘ಫಿಲ್ಮ್ ಲುಕ್’ ಪ್ರಿಯವಾಗಿದೆ. ಯಾವ ನ್ಯೂನತೆಗಳನ್ನು ನೀಗಿಸಿಕೊಳ್ಳಲು ಛಾಯಾಗ್ರಹಣ ವಿಜ್ಞಾನವು ಒಂದೂವರೆ ಶತಮಾನ ಹೆಣಗಿತೋ ಅವೇ ನ್ಯೂನತೆಗಳನ್ನು ಮರಳಿ ತರಲು ಇಂದಿನ ವಿಜ್ಞಾನ ಶ್ರಮಿಸುತ್ತಿರುವುದು ಸೋಜಿಗವೇ ಸರಿ. ಇದನ್ನು ಬರಿಯ ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಇದರ ಹಿಂದೆ ಗಂಭೀರವಾದ ಅಧ್ಯಯನವಿದೆ. ಮುಂದೆ ಅಷ್ಟೇ ಗಂಭೀರವಾದ ಒಂದು ಪ್ರಶ್ನೆಯೂ ಇದೆ. ಹಳೆಯದರ ಹೋಲಿಕೆಯನ್ನು ಕ್ಷಣಮಾತ್ರದಲ್ಲಿ ತಯಾರಿಸಬಲ್ಲ ಈ ಕಾಲವು, ನಿಜವಾಗಿಯೂ ಹಳೆಯದಾಗಿ ಮನೆಯ ಕಪಾಟಿನಲ್ಲಿ ಕುಳಿತಿರುವುದನ್ನು ಏನು ಮಾಡುತ್ತಿದೆ?

ಫಿಲ್ಮ್ ಎಂದರೇನು?

ಅನುಕರಣೆಯನ್ನು ಅರಿಯಬೇಕಾದರೆ ಮೊದಲು ಅಸಲನ್ನು ಅರಿಯಬೇಕು. ಫಿಲ್ಮ್ ಎಂಬುದು ಪಾರದರ್ಶಕವಾದ ಒಂದು ಪಟ್ಟಿ. ಅದರ ಮೇಲೆ ಜೆಲಟಿನ್ ಎಂಬ ಅಂಟಿನಲ್ಲಿ ಬೆರೆಸಿದ ಬೆಳ್ಳಿಯ ಲವಣದ ಅತಿ ಸೂಕ್ಷ್ಮ ಹರಳುಗಳ ಲೇಪವಿರುತ್ತದೆ. ಬೆಳಕು ತಾಗಿದ ಹರಳುಗಳಲ್ಲಿ ಕಣ್ಣಿಗೆ ಕಾಣದ ಬದಲಾವಣೆಯೊಂದು ಆಗುತ್ತದೆ. ಕತ್ತಲೆ ಕೋಣೆಯಲ್ಲಿ ಡೆವಲಪರ್ ದ್ರಾವಣಕ್ಕೆ ಹಾಕಿದಾಗ ಆ ಹರಳುಗಳು ಕಪ್ಪು ಬೆಳ್ಳಿಯಾಗಿ ಮಾರ್ಪಡುತ್ತವೆ. ಬೆಳಕು ತಾಗದ ಹರಳುಗಳನ್ನು ‘ಹೈಪೊ’ ಕರಗಿಸಿ ತೆಗೆಯುತ್ತದೆ. ಹೈಪೊಗೆ ಈ ಗುಣವಿದೆಯೆಂದು 1819ರಷ್ಟು ಹಿಂದೆಯೇ ಕಂಡುಕೊಂಡವರು ಆಂಗ್ಲ ವಿಜ್ಞಾನಿ ಜಾನ್ ಹರ್ಷೆಲ್. ಕೊನೆಗೆ ಉಳಿಯುವುದೇ ನೆಗೆಟಿವ್. ವರ್ಣ ಫಿಲ್ಮಿನಲ್ಲಿ ಇಂಥ ಲೇಪಗಳು ಮೂರು ಬಗೆಯವು. ನೀಲಿ, ಹಸಿರು, ಕೆಂಪು ಬೆಳಕಿಗೆ ಒಂದೊಂದು. ಸಂಸ್ಕರಣದಲ್ಲಿ ಬೆಳ್ಳಿಯ ಸ್ಥಾನವನ್ನು ಬಣ್ಣಗಳು ಪಡೆಯುತ್ತವೆ.

ಈ ರಚನೆಯಿಂದಲೇ ಫಿಲ್ಮಿನ ಮೂರು ಲಕ್ಷಣಗಳು ಹುಟ್ಟುತ್ತವೆ. ಮೊದಲನೆಯದು ಕಣ. ಮಂದ ಬೆಳಕಿನಲ್ಲಿ ಚಿತ್ರ ತೆಗೆಯಬೇಕಾದರೆ ಹರಳುಗಳು ದೊಡ್ಡವಾಗಿರಬೇಕು; ದೊಡ್ಡವಾದಷ್ಟೂ ಚಿತ್ರ ಒರಟಾಗುತ್ತದೆ. ಎರಡನೆಯದು ಬೆಳಕನ್ನು ಸ್ವೀಕರಿಸುವ ರೀತಿ. 1890ರಲ್ಲಿ ಹರ್ಟರ್ ಮತ್ತು ಡ್ರಿಫೀಲ್ಡ್ ಎಂಬ ಇಬ್ಬರು ಇಂಗ್ಲೆಂಡಿನಲ್ಲಿ ಇದನ್ನು ಅಳೆದು ಒಂದು ವಕ್ರರೇಖೆಯಾಗಿ ಬರೆದು ತೋರಿಸಿದರು. ಬೆಳಕು ಹೆಚ್ಚುತ್ತ ಹೋದಂತೆ ಫಿಲ್ಮ್ ಮೊದಲು ನಿಧಾನವಾಗಿಯೂ, ಬಳಿಕ ವೇಗವಾಗಿಯೂ, ತುದಿಯಲ್ಲಿ ಮತ್ತೆ ನಿಧಾನವಾಗಿಯೂ ಅದನ್ನು ದಾಖಲಿಸಿಕೊಳ್ಳುತ್ತದೆ.

ಈ ಭಾಗದ ಓದುಗರಿಗೆ ಇದನ್ನು ತಿಳಿಸಲು ಲೋಕಲ್ ಗಾಡಿಗಿಂತ ಉತ್ತಮ ನಿದರ್ಶನ ಬೇಕಿಲ್ಲ. ಬೆಳಗಿನ ಗಾಡಿ ಡೊಂಬಿವಲಿಯನ್ನು ತಲುಪುವಾಗಲೇ ತುಂಬಿರುತ್ತದೆ. ಆದರೂ ಅಲ್ಲಿ ಹತ್ತು ಮಂದಿ ಹತ್ತುತ್ತಾರೆ, ದಿವಾದಲ್ಲಿ ಐದು ಮಂದಿ, ಮುಂಬ್ರಾದಲ್ಲಿ ಇಬ್ಬರು. ಜಾಗ ಕಿರಿದಾದಷ್ಟೂ ಹತ್ತುವವರು ಕಡಿಮೆಯಾಗುತ್ತಾರೆಯೇ ಹೊರತು ಬಾಗಿಲು ಒಮ್ಮೆಗೇ ಮುಚ್ಚುವುದಿಲ್ಲ. ಫಿಲ್ಮಿನ ಸ್ವಭಾವ ಇದು. ಡಿಜಿಟಲ್ ಕ್ಯಾಮೆರಾದ ಸಂವೇದಕವಾದರೋ ದೂರಪ್ರಯಾಣದ ರಿಸರ್ವೇಶನ್ ಡಬ್ಬಿಯಂತೆ. ಕೊನೆಯ ಬರ್ತ್ ಭರ್ತಿಯಾದೊಡನೆ ಲೆಕ್ಕ ಮುಗಿಯಿತು. ಮದುಮಗನ ಬಿಳಿಯ ಪಂಚೆಯಾಗಲಿ, ಮದುಮಗಳ ಮುಡಿಯ ಮಲ್ಲಿಗೆಯಾಗಲಿ ಪ್ರಖರವಾದ ಬೆಳಕಿನಲ್ಲಿ ಡಿಜಿಟಲ್ ಚಿತ್ರದಲ್ಲಿ ಮಡಿಕೆಯಿಲ್ಲದ, ಎಸಳಿಲ್ಲದ ಬಿಳಿಯ ತೇಪೆಯಾಗಿಬಿಡುವುದು ಈ ಕಾರಣದಿಂದಲೇ. ನೆಗೆಟಿವ್ ಫಿಲ್ಮ್ ಅದೇ ಮಲ್ಲಿಗೆಯ ಎಸಳನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತಿತ್ತು.

ಮೂರನೆಯದು ಪ್ರಭಾವಲಯ. ದೀಪದಂಥ ಪ್ರಖರ ಬಿಂದುವಿನ ಬೆಳಕು ಲೇಪವನ್ನು ದಾಟಿ ಹಿಂದಿನ ಪಟ್ಟಿಗೆ ತಾಗಿ ಮರಳಿ ಬರುತ್ತದೆ; ಆಗ ದೀಪದ ಸುತ್ತ ಕೆಂಪಾದ ಒಂದು ಹೊಳಪು ಮೂಡುತ್ತದೆ. ಇದನ್ನು ತಡೆಯಲೆಂದೇ ತಯಾರಕರು ಪ್ರತ್ಯೇಕವಾದ ಕಪ್ಪು ಪದರವನ್ನು ಸೇರಿಸುತ್ತಿದ್ದರು. ಇಂದಿನ ತಂತ್ರಾಂಶಗಳು ಆ ಕೆಂಪು ಹೊಳಪನ್ನೇ ವಿಶೇಷ ಗುಣವೆಂದು ಮಾರುತ್ತಿವೆ!

ಗಣಕದ ಅನುಕರಣೆ

ಹಾಗಾದರೆ ಗಣಕಯಂತ್ರ ಇದನ್ನು ಸಾಧಿಸುವುದು ಹೇಗೆ? ಡಿಜಿಟಲ್ ಚಿತ್ರವೆಂದರೆ ಅಂಕಿಗಳ ಒಂದು ದೊಡ್ಡ ಖಾತೆಪುಸ್ತಕ. ಪ್ರತಿಯೊಂದು ಬಿಂದುವಿಗೆ ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳು. ಅನುಕರಣೆಯ ಮೊದಲ ಹಂತವೆಂದರೆ ಒಂದು ಪರಿವರ್ತನ ಕೋಷ್ಟಕ. ಇಂಥ ಕೆಂಪು, ಇಂಥ ಹಸಿರು, ಇಂಥ ನೀಲಿ ಬಂದರೆ ಅದರ ಬದಲು ಇಂಥದನ್ನು ಬರೆ ಎಂಬ ಸಿದ್ಧ ಪಟ್ಟಿ ಅದು. ಸೋಮಾರಿಗಳು ಈ ಪಟ್ಟಿಯನ್ನು ಕಣ್ಣಂದಾಜಿನಿಂದ ಮಾಡುತ್ತಾರೆ. ಶ್ರದ್ಧೆಯುಳ್ಳವರು ನೂರಾರು ಬಣ್ಣಗಳ ಚೌಕಗಳಿರುವ ಫಲಕವನ್ನು ಒಂದೇ ಬೆಳಕಿನಲ್ಲಿಟ್ಟು, ಅಸಲಿ ಫಿಲ್ಮಿನಲ್ಲಿಯೂ ಡಿಜಿಟಲ್ ಕ್ಯಾಮೆರಾದಲ್ಲಿಯೂ ಚಿತ್ರಿಸಿ, ಎರಡನ್ನೂ ಅಳೆದು, ವ್ಯತ್ಯಾಸವನ್ನು ಲೆಕ್ಕಹಾಕಿ ಪಟ್ಟಿಯನ್ನು ಸಿದ್ಧಪಡಿಸುತ್ತಾರೆ.

ಎರಡನೆಯ ಹಂತ ಕಣಗಳದು. ಅಗ್ಗದ ತಂತ್ರಾಂಶಗಳು ಒಂದೇ ಮಾದರಿಯ ಚುಕ್ಕೆಗಳನ್ನು ಎಲ್ಲ ಚಿತ್ರಗಳ ಮೇಲೂ ಹರಡುತ್ತವೆ. ಅದು ಚಿತ್ರದ ಮೇಲೆ ಕೂತ ಧೂಳಿನಂತೆ ಕಾಣುತ್ತದೆ. ಅಸಲಿ ಫಿಲ್ಮಿನಲ್ಲಾದರೋ ಕಣವು ಚಿತ್ರದ ಮೇಲಿಲ್ಲ, ಕಣಗಳಿಂದಲೇ ಚಿತ್ರವಾಗಿದೆ. ಪ್ರತಿಯೊಂದು ಚೌಕಟ್ಟಿನಲ್ಲೂ ಅವುಗಳ ಜೋಡಣೆ ಬೇರೆ. ಈ ಸೂಕ್ಷ್ಮವನ್ನು ಗಮನಿಸಿ ನ್ಯೂಸನ್, ಡೆಲೋನ್, ಗಲೇರ್ನ್ ಎಂಬ ಮೂವರು ಸಂಶೋಧಕರು 2017ರಲ್ಲಿ ಬೇರೊಂದು ಮಾರ್ಗವನ್ನು ಪ್ರಕಟಿಸಿದರು. ಬೆಳಕಿನ ಪ್ರಮಾಣಕ್ಕೆ ತಕ್ಕಂತೆ ಅಸಂಖ್ಯ ಪುಟ್ಟ ವೃತ್ತಗಳನ್ನು ಸಂಭವನೀಯತೆಯ ಗಣಿತದಿಂದ ಚೆಲ್ಲಿ, ಚಿತ್ರವನ್ನು ಆ ವೃತ್ತಗಳಿಂದಲೇ ಮರಳಿ ಕಟ್ಟುವ ಮಾರ್ಗವದು.

ಇದಕ್ಕಿಂತ ಅಚ್ಚರಿಯ ಸಂಗತಿಯೊಂದಿದೆ. ಅಂತರಜಾಲದ ಮೂಲಕ ಮನೆಗೆ ಬರುವ ಚಲನಚಿತ್ರಗಳಲ್ಲಿ ಕಣಗಳು ಬಹಳ ಜಾಗ ನುಂಗುತ್ತವೆ. ಆದುದರಿಂದ 2018ರಲ್ಲಿ ಸಿದ್ಧವಾದ ‘ಎವಿ1’ ಎಂಬ ಸಂಕೋಚನ ಪದ್ಧತಿಯಲ್ಲಿ ಒಂದು ಏರ್ಪಾಡನ್ನು ಸೇರಿಸಲಾಗಿದೆ. ಕಳುಹಿಸುವ ಕಡೆ ಕಣಗಳನ್ನು ಅಳಿಸಿ, ಅವುಗಳ ಗುಣಲಕ್ಷಣವನ್ನು ಮಾತ್ರ ಕೆಲವು ಅಂಕಿಗಳಲ್ಲಿ ಬರೆದು ಕಳುಹಿಸುವುದು. ನೋಡುವ ಕಡೆ ಯಂತ್ರವು ಅಂಥವೇ ಹೊಸ ಕಣಗಳನ್ನು ಹುಟ್ಟಿಸುವುದು. ಹೀಗೆ ಬಂದ ಚಿತ್ರದಲ್ಲಿ ಪ್ರೇಕ್ಷಕನ ಕಣ್ಣಿಗೆ ಬೀಳುವ ಕಣ ಛಾಯಾಗ್ರಾಹಕನ ಫಿಲ್ಮಿನದಲ್ಲ. ಮನೆಯ ಟೆಲಿವಿಷನ್ನೇ ತಯಾರಿಸಿದ್ದು.

ಅಸಲು ಅಳಿದಾಗ ನಕಲು ಬೆಳೆಯಿತು

ಕಾಲಾನುಕ್ರಮವನ್ನು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿಯನ್ನು 1975ರಲ್ಲಿ ಕಟ್ಟಿದವರು ಫಿಲ್ಮಿನ ದೊರೆಯೆನಿಸಿದ್ದ ಕೊಡಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್. 1935ರಿಂದ ಜಗತ್ತಿನ ಬಣ್ಣಗಳನ್ನು ಹಿಡಿದಿಟ್ಟ ಕೊಡಾಕ್ರೋಮ್ ಫಿಲ್ಮಿನ ತಯಾರಿಕೆಯನ್ನು ಅದೇ ಕಂಪನಿ 2009ರಲ್ಲಿ ನಿಲ್ಲಿಸಿತು. ಕೊನೆಯ ರೋಲನ್ನು ಸ್ಟೀವ್ ಮೆಕರಿ ಎಂಬ ಪ್ರಖ್ಯಾತ ಛಾಯಾಗ್ರಾಹಕರಿಗೆ ಕೊಡಲಾಯಿತು. ಆ ಮೂವತ್ತಾರು ಚಿತ್ರಗಳಲ್ಲಿ ಕೆಲವನ್ನು ಅವರು ತೆಗೆದದ್ದು ಮುಂಬಯಿಯಲ್ಲಿ ಎಂಬುದು ಈ ಭಾಗದವರಿಗೆ ಹೆಮ್ಮೆಯ ವಿಷಯ. 2012ರ ಜನವರಿಯಲ್ಲಿ ಕೊಡಕ್ ದಿವಾಳಿತನದ ಅರ್ಜಿ ಸಲ್ಲಿಸಿತು. ನಡುವಿನ ಅವಧಿಯಲ್ಲಿ, ಅಂದರೆ 2009ರ ಕೊನೆಯಲ್ಲಿ ‘ಹಿಪ್ಸ್ಟಮ್ಯಾಟಿಕ್’, 2010ರ ಅಕ್ಟೋಬರಿನಲ್ಲಿ ‘ಇನ್‌ಸ್ಟಾಗ್ರಾಮ್’ ಎಂಬ ಮೊಬೈಲ್ ತಂತ್ರಾಂಶಗಳು ಬಂದು, ಹಳೆಯ ಫಿಲ್ಮಿನ ಛಾಯೆಯನ್ನು ಪುಕ್ಕಟೆಯಾಗಿಯೋ ಅಗ್ಗವಾಗಿಯೋ ಹಂಚತೊಡಗಿದವು. ಅಸಲು ಅಂಗಡಿಯಿಂದ ಮರೆಯಾಗುತ್ತಿದ್ದ ಹೊತ್ತಿನಲ್ಲೇ ನಕಲಿಗೆ ಬೇಡಿಕೆ ಹುಟ್ಟಿತು.

ತಯಾರಕರೂ ಹಿಂದೆ ಬೀಳಲಿಲ್ಲ. ಜಪಾನಿನ ಫ್ಯೂಜಿ ಕಂಪನಿ ತನ್ನ ಫಿಲ್ಮುಗಳ ಹೆಸರನ್ನೇ ಡಿಜಿಟಲ್ ಕ್ಯಾಮೆರಾಗಳೊಳಗೆ ಇರಿಸಿತು. ಪ್ರೊವಿಯಾ, ವೆಲ್ವಿಯಾ, ಅಕ್ರೋಸ್ ಎಂದು ಗುಂಡಿ ತಿರುಗಿಸಿದರೆ ಆಯಾ ಛಾಯೆ ಬರುತ್ತದೆ. ಚಲನಚಿತ್ರರಂಗದಲ್ಲೂ ಇದೇ ಗಾಳಿ. 1970ರ ಕಥೆಯನ್ನು ಹೇಳುವ ‘ದಿ ಹೋಲ್ಡೋವರ್ಸ್’ (2023) ಡಿಜಿಟಲ್ ಕ್ಯಾಮೆರಾದಲ್ಲಿ ಚಿತ್ರಿತವಾಗಿ, ಆ ದಶಕದ ಫಿಲ್ಮಿನಂತೆ ಕಾಣುವ ಹಾಗೆ ಸಂಸ್ಕರಿಸಲ್ಪಟ್ಟಿತು. ‘ಡ್ಯೂನ್’ (2021) ಚಿತ್ರವನ್ನಂತೂ ಡಿಜಿಟಲ್ಲಿನಲ್ಲಿ ತೆಗೆದು, ನಿಜವಾದ ಫಿಲ್ಮಿನ ಮೇಲೆ ಅಚ್ಚುಮಾಡಿ, ಮರಳಿ ಡಿಜಿಟಲ್ಲಿಗೆ ತರಲಾಯಿತು. ಅನುಕರಣೆಯ ಬದಲು ಅಸಲಿ ಫಿಲ್ಮನ್ನೇ ಜರಡಿಯಂತೆ ಬಳಸಿದ ಉದಾಹರಣೆಯಿದು.

ಮೂರ್ತಿಯವರ ಬೆಳಕು

ಆದರೆ ಹಳೆಯ ಚಿತ್ರಗಳ ಸೊಬಗೆಲ್ಲ ಫಿಲ್ಮಿನದೇ ಎಂದು ಭಾವಿಸುವುದು ತಪ್ಪು. ಇದಕ್ಕೆ ಮುಂಬಯಿಯಲ್ಲೇ ಬಾಳಿ ಬೆಳಗಿದ ಕನ್ನಡಿಗರೊಬ್ಬರ ಸಾಧನೆ ಸಾಕ್ಷಿ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವಿ. ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಬಂದರು. ಗುರುದತ್ತರ ‘ಪ್ಯಾಸಾ’ (1957), ‘ಕಾಗಜ್ ಕೆ ಫೂಲ್’ (1959) ಮೊದಲಾದ ಚಿತ್ರಗಳಿಗೆ ಛಾಯಾಗ್ರಾಹಕರಾದರು. ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಅದರ ಒಂದು ಹಾಡಿನಲ್ಲಿ ಕತ್ತಲಾದ ಸ್ಟುಡಿಯೊದೊಳಗೆ ಮೇಲಿನಿಂದ ಬೆಳಕಿನ ಕೋಲೊಂದು ಇಳಿಯುತ್ತದೆ. ಅದು ವಿದ್ಯುದ್ದೀಪದ ಬೆಳಕಲ್ಲ. ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಯಲ್ಲಿ ಹಿಡಿದು, ಒಳಗಿನ ಇನ್ನೊಂದು ಕನ್ನಡಿಗೆ ಹಾಯಿಸಿ, ಕೆಳಕ್ಕೆ ಇಳಿಸಿದ ಸೂರ್ಯಕಿರಣ. ಮೂರ್ತಿಯವರಿಗೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ದೊರೆಯಿತು. ಆ ಗೌರವ ಪಡೆದ ಮೊದಲ ಛಾಯಾಗ್ರಾಹಕರು ಅವರು. 2014ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ತಂತ್ರಾಂಶವು ಮೂರ್ತಿಯವರು ಬಳಸಿದ ಫಿಲ್ಮಿನ ಕಣವನ್ನು ಕೊಡಬಲ್ಲದು. ಅವರ ಕನ್ನಡಿಯನ್ನು ಕೊಡಲಾರದು. ಫಿಲ್ಮಿನ ಕಾಲದಲ್ಲಿ ಒಂದು ರೋಲಿಗೆ ಮೂವತ್ತಾರೇ ಚಿತ್ರಗಳು. ತೊಳೆಸಲು ಬೇರೆ ವೆಚ್ಚ. ಆದುದರಿಂದ ಗುಂಡಿ ಒತ್ತುವ ಮುಂಚೆ ಯೋಚಿಸಬೇಕಾಗುತ್ತಿತ್ತು. ಆ ಯೋಚನೆಯೇ ಅನೇಕ ಹಳೆಯ ಚಿತ್ರಗಳ ಚೆಲುವು. ಕರಾವಳಿಯ ಮೂಲದ ಮನಮೋಹನ ಶೆಟ್ಟಿಯವರು 1978ರಲ್ಲಿ ಕಟ್ಟಿದ ಆಡ್‌ಲ್ಯಾಬ್ಸ್‌ನಂಥ ಫಿಲ್ಮ್ ಸಂಸ್ಕರಣಾಲಯಗಳಲ್ಲೂ ಇದೇ ಶಿಸ್ತು. ದ್ರಾವಣದ ಉಷ್ಣತೆಯಲ್ಲಿ ಅಲ್ಪ ವ್ಯತ್ಯಾಸವಾದರೂ ಬಣ್ಣ ಕೆಡುವಂಥ ಆ ಕೆಲಸದಲ್ಲಿ ದುಡಿದ ಕೈಗಳ ಜಾಣ್ಮೆಯೂ ಇಂದು ‘ಫಿಲ್ಮಿನ ಗುಣ’ವೆಂಬ ಒಂದೇ ಹೆಸರಿನಲ್ಲಿ ಅಡಗಿಹೋಗಿದೆ.

ಮೂರು ಬೇರೆ ಬೇರೆ ಕೆಲಸಗಳು

ಸಾಮಾನ್ಯ ಜನರು ಮೂರು ಕೆಲಸಗಳನ್ನು ಒಂದೇ ಎಂದು ತಿಳಿದು ಗೊಂದಲಕ್ಕೀಡಾಗುವುದುಂಟು. ಹೊಸ ಚಿತ್ರಕ್ಕೆ ಹಳೆಯ ಛಾಯೆ ಕೊಡುವುದು ಅನುಕರಣೆ. ಹಳೆಯ ಚಿತ್ರವನ್ನು ಅದರ ಮೊದಲ ರೂಪಕ್ಕೆ ತರುವುದು ಜೀರ್ಣೋದ್ಧಾರ. ಹಳೆಯ ಚಿತ್ರಕ್ಕೆ ಅದರಲ್ಲಿಲ್ಲದ ಬಣ್ಣ ಹಚ್ಚುವುದು ವರ್ಣಲೇಪನ.

ಕನ್ನಡದಲ್ಲೇ ಇವಕ್ಕೆ ಉದಾಹರಣೆಗಳಿವೆ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿಯೂ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿಯೂ ವರ್ಣಲೇಪನಗೊಂಡು ಮರುಬಿಡುಗಡೆಯಾದವು. ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ದ (1977) ಹಾದಿ ಬೇರೆ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ವಿಶ್ವ ಸಿನೆಮಾ ಯೋಜನೆಯವರು ಪುಣೆಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿ ಉಳಿದಿದ್ದ ಮೂಲ ನೆಗೆಟಿವ್‌ನಿಂದ ಅದನ್ನು ಜೀರ್ಣೋದ್ಧಾರ ಮಾಡಿಸಿದರು. 2024ರಲ್ಲಿ ವೆನಿಸ್ ಚಲನಚಿತ್ರೋತ್ಸವದಲ್ಲಿ ಅದು ಪ್ರದರ್ಶಿತವಾಯಿತು. ಕಪ್ಪು ಬಿಳುಪು ಕಪ್ಪು ಬಿಳುಪಾಗಿಯೇ ಉಳಿಯಿತು. ಜೀರ್ಣೋದ್ಧಾರದ ಧರ್ಮವೆಂದರೆ ಗೀರು, ಕೊಳೆ, ನಡುಕಗಳನ್ನು ತೆಗೆಯುವುದು, ಕಣವನ್ನು ಮಾತ್ರ ಮುಟ್ಟದಿರುವುದು. ಏಕೆಂದರೆ ಗೀರು ಕಾಲ ಎಳೆದದ್ದು, ಕಣ ಚಿತ್ರದೊಡನೆ ಹುಟ್ಟಿದ್ದು. ಇಲ್ಲಿ ನೆನಪಿಡಬೇಕಾದ ಅಂಶ ಒಂದೇ: ಮೂಲ ನೆಗೆಟಿವ್ ಉಳಿದಿದ್ದರಿಂದ ಇದು ಸಾಧ್ಯವಾಯಿತು.

ಮನೆಯ ಚಿತ್ರಗಳ ವಿಷಯದಲ್ಲಿ ವರ್ಣಲೇಪನ ಇನ್ನಷ್ಟು ಎಚ್ಚರ ಬೇಡುತ್ತದೆ. ಅಜ್ಜಿಯ ಮದುವೆಯ ಕಪ್ಪು ಬಿಳುಪು ಚಿತ್ರವನ್ನು ಯಂತ್ರಕ್ಕೆ ಕೊಟ್ಟರೆ ಅದು ಸೀರೆಗೆ ಯಾವುದೋ ಬಣ್ಣವನ್ನು ಊಹಿಸಿ ಬಳಿಯುತ್ತದೆ. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಬಳಕೆಯಲ್ಲಿದ್ದ ‘ಆರ್ಥೊಕ್ರೋಮ್ಯಾಟಿಕ್’ ಫಿಲ್ಮುಗಳಿಗೆ ಕೆಂಪು ಬಣ್ಣ ಕಾಣಿಸುತ್ತಿರಲಿಲ್ಲ. ಕೆಂಪು ಸೀರೆ, ಹಣೆಯ ಕುಂಕುಮ ಅವುಗಳಲ್ಲಿ ಕಪ್ಪಾಗಿ ಮೂಡುತ್ತಿದ್ದವು. ಇದನ್ನರಿಯದ ಯಂತ್ರವು ಕಡುನೀಲಿಯನ್ನು ಬಳಿದರೆ, ಮೊಮ್ಮಕ್ಕಳ ಪಾಲಿಗೆ ಅಜ್ಜಿಯ ಧಾರೆಸೀರೆ ಶಾಶ್ವತವಾಗಿ ನೀಲಿಯೇ ಆಗಿಬಿಡುತ್ತದೆ. ಆ ಸೀರೆಯ ನಿಜವಾದ ಬಣ್ಣ ಬಲ್ಲವರು ಬದುಕಿರುವಾಗಲೇ ಕೇಳಿ ಬರೆದಿಡುವುದು ಯಾವ ತಂತ್ರಾಂಶಕ್ಕಿಂತಲೂ ಮಿಗಿಲಾದ ಉಪಾಯ.

ಬಣ್ಣದ ಸತ್ಯ

ಫಿಲ್ಮ್ ಎಂದೂ ನಿಷ್ಪಕ್ಷಪಾತಿಯಾಗಿರಲಿಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಕೊಡಕ್ ಕಂಪನಿ 1950ರ ದಶಕದಿಂದ ಪ್ರಯೋಗಶಾಲೆಗಳಿಗೆ ‘ಶರ್ಲಿ ಕಾರ್ಡ್’ ಎಂಬ ಮಾದರಿ ಚಿತ್ರಗಳನ್ನು ಕಳುಹಿಸುತ್ತಿತ್ತು. ಬಿಳಿಯ ಮೈಬಣ್ಣದ ಮಹಿಳೆಯೊಬ್ಬಳ ಚಿತ್ರ ಅದು. ಆ ಮೈಬಣ್ಣ ಸರಿಯಾಗಿ ಬಂದರೆ ಬಣ್ಣವೆಲ್ಲ ಸರಿಯಾಯಿತೆಂದು ಲೆಕ್ಕ. ಕಪ್ಪು, ಕಂದು ಮೈಬಣ್ಣದ ಸೂಕ್ಷ್ಮ ಛಾಯೆಗಳು ಇದರಿಂದ ಮುಚ್ಚಿಹೋಗುತ್ತಿದ್ದವು. ಹಳೆಯ ವರ್ಣಚಿತ್ರಗಳಲ್ಲಿ ಮದುಮಗಳ ಮುಖ ಬೆಳ್ಳಗೆ ಹೊಳೆದು, ಪಕ್ಕದಲ್ಲಿ ನಿಂತ ಶ್ಯಾಮಲವರ್ಣದ ಬಂಧುವಿನ ಮುಖ ಗುರುತು ಸಿಗದಂತೆ ಕಪ್ಪಾಗಿದ್ದರೆ ಅದಕ್ಕೆ ಸ್ಟುಡಿಯೊದವರೊಬ್ಬರೇ ಹೊಣೆಯಲ್ಲ. ಹಳೆಯ ಫಿಲ್ಮನ್ನು ಹಾಗೆಯೇ ಅನುಕರಿಸುವ ತಂತ್ರಾಂಶ ಆ ಹಳೆಯ ಪಕ್ಷಪಾತವನ್ನೂ ಹೊತ್ತು ತರಬಹುದು.

ನವಿ ಮುಂಬಯಿಯ ಐರೋಲಿ, ನೆರೂಳುಗಳ ಕಡೆ ಫ್ಲೆಮಿಂಗೊಗಳನ್ನು ಚಿತ್ರಿಸಲು ಹೋಗುವ ಹವ್ಯಾಸಿಗಳ ಮುಂದೆಯೂ ಇದೇ ಪ್ರಶ್ನೆಯಿದೆ. ಥಾಣೆ ಖಾರಿಯ ಫ್ಲೆಮಿಂಗೊ ಅಭಯಾರಣ್ಯ 2015ರಲ್ಲಿ ಘೋಷಿತವಾಯಿತು; 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಈ ಹಕ್ಕಿಯ ಗುಲಾಬಿ ಬಣ್ಣ ಅದು ತಿನ್ನುವ ಪಾಚಿ ಮತ್ತು ಕಿರುಜೀವಿಗಳಿಂದ ಬರುವುದು. ಮರಿಗಳು ಬೂದು ಬಣ್ಣದವು. ಬೆಳೆದಂತೆ ಗುಲಾಬಿ ಏರುತ್ತದೆ. ಅಂದರೆ ಬಣ್ಣವು ಹಕ್ಕಿಯ ವಯಸ್ಸನ್ನೂ ಆಹಾರವನ್ನೂ ಹೇಳುವ ಗುರುತು. ಬಣ್ಣಗಳನ್ನು ಗಾಢಗೊಳಿಸುವುದಕ್ಕೆ ಹೆಸರಾದ ‘ವೆಲ್ವಿಯಾ’ದ ಛಾಯೆ ಹಚ್ಚಿದರೆ ಗೋಡೆಯ ಮೇಲೆ ತೂಗುಹಾಕಲು ಚಿತ್ರ ಚೆನ್ನಾಗಿರುತ್ತದೆ, ಪಕ್ಷಿವೀಕ್ಷಣೆಯ ದಾಖಲೆಗೆ ಮಾತ್ರ ಅದು ಸಲ್ಲದು.

ಆರೋಗ್ಯದ ವಿಷಯದಲ್ಲಿ ಇದು ಇನ್ನೂ ಮುಖ್ಯ. 2020ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ದೂರವೈದ್ಯ ಮಾರ್ಗಸೂಚಿಗಳನ್ನು ಪ್ರಕಟಿಸಿದ ಮೇಲೆ ಚರ್ಮದ ಗುಳ್ಳೆ, ಗಾಯ, ಕಣ್ಣಿನ ಬಣ್ಣ ಮೊದಲಾದವುಗಳ ಚಿತ್ರವನ್ನು ವೈದ್ಯರಿಗೆ ಮೊಬೈಲಿನಲ್ಲಿ ಕಳುಹಿಸುವುದು ರೂಢಿಯಾಗಿದೆ. ಹಳದಿಯತ್ತ ವಾಲುವ ಫಿಲ್ಮ್ ಛಾಯೆ ಇಲ್ಲದ ಕಾಮಾಲೆಯನ್ನು ತೋರಿಸಬಹುದು. ನೀಲಿಯತ್ತ ವಾಲುವ ಛಾಯೆ ಇರುವ ಕಾಮಾಲೆಯನ್ನು ಮರೆಮಾಚಬಹುದು. ಆದುದರಿಂದ ವೈದ್ಯರಿಗೆ ಕಳುಹಿಸುವ ಚಿತ್ರವನ್ನು ಹಗಲಿನ ಬೆಳಕಿನಲ್ಲಿ, ಯಾವ ಛಾಯೆಯನ್ನೂ ಸೌಂದರ್ಯವರ್ಧಕ ತಂತ್ರಾಂಶವನ್ನೂ ಬಳಸದೆ ತೆಗೆಯತಕ್ಕದ್ದು. ಪಕ್ಕದಲ್ಲಿ ಒಂದು ಬಿಳಿಯ ಕಾಗದವನ್ನು ಇರಿಸಿದರೆ ಬಣ್ಣವನ್ನು ಹೋಲಿಸಿ ನೋಡಲು ಅನುಕೂಲ.

ಕಪಾಟಿನ ನೆಗೆಟಿವ್‌ಗಳು

ಈಗ ಮೊದಲು ಎತ್ತಿದ ಪ್ರಶ್ನೆಗೆ ಬರೋಣ. ತಂತ್ರಾಂಶಗಳ ಪಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುವ ಹೆಸರುಗಳು ಕೊಡಕ್, ಫ್ಯೂಜಿ, ಅಗ್ಫಾ, ಇಲ್ಫರ್ಡ್. ಆದರೆ 1970ರ ಮತ್ತು 80ರ ದಶಕಗಳಲ್ಲಿ ಇಲ್ಲಿನ ಅನೇಕ ಮಧ್ಯಮವರ್ಗದ ಮನೆಗಳ ಕಪ್ಪು ಬಿಳುಪು ಚಿತ್ರಗಳು ಮೂಡಿದ್ದು ಪೂರ್ವ ಜರ್ಮನಿಯ ‘ಓರ್ವೊ’ ಅಥವಾ ಸ್ವದೇಶದ ‘ಇಂದು’ ಫಿಲ್ಮಿನಲ್ಲಿ. ಮೈಸೂರು ಸೀಮೆಗೆ ಹೊಂದಿಕೊಂಡಿರುವ ನೀಲಗಿರಿಯ ಊಟಿಯಲ್ಲಿ, 1960ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಎಂಬ ಸರ್ಕಾರಿ ಸಂಸ್ಥೆ 1967ರಿಂದ ಅದನ್ನು ತಯಾರಿಸಿತು. ಆಸ್ಪತ್ರೆಗಳಿಗೆ ಕ್ಷಕಿರಣ ಫಿಲ್ಮನ್ನೂ ಒದಗಿಸಿತು. ಆ ಕಾರ್ಖಾನೆ ಈಗ ನಿಂತುಹೋಗಿದೆ. ‘ಇಂದು’ವಿನ ನಿಜವಾದ ಛಾಯೆ ಎಲ್ಲಿದೆಯೆಂದು ಕೇಳಿದರೆ ಉತ್ತರ ಒಂದೇ: ಜನರ ಮನೆಗಳಲ್ಲಿ ಉಳಿದಿರುವ ನೆಗೆಟಿವ್‌ಗಳಲ್ಲಿ.

ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಧಾರವಾಡ, ಬಿಜಾಪುರಗಳಿಂದ ಬಂದು ಥಾಣೆ, ಕಲ್ಯಾಣ, ಡೊಂಬಿವಲಿಗಳಲ್ಲಿ ನೆಲೆಸಿದ ಕುಟುಂಬಗಳಿಗೆ ಈ ಚಿತ್ರಗಳು ಬರಿಯ ಅಲಂಕಾರವಲ್ಲ. ಮೊದಲ ಚಾಳಿನ ಖೋಲಿ, ಹೋಟೆಲಿನ ಉದ್ಘಾಟನೆ, ಊರಿಗೆ ಕಳುಹಿಸಲೆಂದು ತೆಗೆಸಿದ ಮಗುವಿನ ಚಿತ್ರ, ಕನ್ನಡ ಸಂಘದ ಮೊದಲ ನಾಟಕ — ಬೇರೆಲ್ಲೂ ಬರೆದಿಡದ ಚರಿತ್ರೆ ಇವುಗಳಲ್ಲಿದೆ. ಇಲ್ಲಿನ ಹವೆ ಅವುಗಳಿಗೆ ಶತ್ರು. ಗಾಳಿಯ ತೇವ ಬಹಳ ಕಾಲ ಶೇಕಡಾ 65ನ್ನು ಮೀರಿದರೆ ಜೆಲಟಿನ್ನಿನ ಮೇಲೆ ಬೂಷ್ಟು ಬೆಳೆಯುತ್ತದೆ. ಮಳೆಗಾಲದ ನಾಲ್ಕು ತಿಂಗಳೂ ಇಲ್ಲಿ ಅದನ್ನು ಮೀರಿರುವುದೇ ಹೆಚ್ಚು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಉಲ್ಹಾಸ ನದಿಯ ನೀರು ಕಲ್ಯಾಣ, ಬದಲಾಪುರಗಳ ತಗ್ಗು ಪ್ರದೇಶಗಳಿಗೆ ನುಗ್ಗಿದಾಗ ಪಾತ್ರೆ ಪಗಡಿಗಳೊಂದಿಗೆ ಆಲ್ಬಮುಗಳೂ ಕೆಸರಾದವು. ಪಾತ್ರೆಗಳನ್ನು ಮತ್ತೆ ಕೊಂಡವರಿದ್ದಾರೆ. ಆ ಚಿತ್ರಗಳನ್ನು ಮತ್ತೆ ಕೊಂಡವರಿಲ್ಲ.

ಉಳಿದವುಗಳನ್ನು ಕಾಪಾಡುವುದು ಕಷ್ಟವೇನಲ್ಲ. ನೆಗೆಟಿವ್ ಮತ್ತು ಚಿತ್ರಗಳನ್ನು ಮಾಳಿಗೆಯ ಮೇಲಾಗಲಿ, ಹೊರಗೋಡೆಗೆ ತಾಗಿದ ಕಪಾಟಿನಲ್ಲಾಗಲಿ ಇಡಬಾರದು. ಅಂಟು ಹಾಳೆಯ ಹಳೆಯ ಆಲ್ಬಮುಗಳಿಂದ ಚಿತ್ರಗಳನ್ನು ಮೆಲ್ಲನೆ ಬಿಡಿಸಿ, ಆಮ್ಲರಹಿತ ಕಾಗದದ ಅಥವಾ ಪಾಲಿಪ್ರೊಪಿಲೀನಿನ ಲಕೋಟೆಗಳಲ್ಲಿ ಹಾಕಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಬಿಗಿಯಾದ ಡಬ್ಬಿಯಲ್ಲಿ ಇಡುವುದು ಲೇಸು. ಬೂಷ್ಟು ಹಿಡಿದುದನ್ನು ಒದ್ದೆ ಬಟ್ಟೆಯಿಂದ ಒರಸಿದರೆ ಲೇಪವೇ ಕಿತ್ತುಬರುತ್ತದೆ. ಮೊದಲು ನೆರಳಿನಲ್ಲಿ ಒಣಗಿಸಬೇಕು. ಆ ಧೂಳು ಶ್ವಾಸಕೋಶಕ್ಕೆ ಕೆಡುಕು. ಉಬ್ಬಸದವರು ಈ ಕೆಲಸಕ್ಕೆ ಕೈಹಾಕದಿರುವುದು ಒಳಿತು, ಉಳಿದವರು ಮಾಸ್ಕ್ ಧರಿಸಿ, ಕಿಟಕಿ ತೆರೆದು ಮಾಡಬೇಕು. ಡಬ್ಬಿ ತೆರೆದಾಗ ವಿನೆಗರಿನ ಹುಳಿ ವಾಸನೆ ಬಂದರೆ ಫಿಲ್ಮಿನ ಪಟ್ಟಿಯೇ ಕೊಳೆಯತೊಡಗಿದೆ ಎಂದರ್ಥ. ಅದನ್ನು ಉಳಿದವುಗಳಿಂದ ಕೂಡಲೇ ಬೇರ್ಪಡಿಸಿ, ಎಲ್ಲಕ್ಕಿಂತ ಮೊದಲು ಸ್ಕ್ಯಾನ್ ಮಾಡಿಸಬೇಕು.

ಚಿಕ್ಕ ಚಿತ್ರಗಳನ್ನು ಇಂಚಿಗೆ 600 ಬಿಂದುಗಳಂತೆಯೂ, ನೆಗೆಟಿವ್‌ಗಳನ್ನು 2400ಕ್ಕೆ ಕಡಿಮೆಯಿಲ್ಲದಂತೆಯೂ ಸ್ಕ್ಯಾನ್ ಮಾಡಿಸಿ, ‘ಟಿಫ್’ ರೂಪದಲ್ಲಿ ಉಳಿಸಿಕೊಳ್ಳಬೇಕು. ಈ ಮೊದಲ ಪ್ರತಿಗೆ ಯಾವ ತಿದ್ದುಪಡಿಯನ್ನೂ ಮಾಡಕೂಡದು. ಬಣ್ಣ ಹಚ್ಚುವ, ಸುಕ್ಕು ತೆಗೆಯುವ ಕೆಲಸವೆಲ್ಲ ಇನ್ನೊಂದು ಪ್ರತಿಯಲ್ಲಿ ನಡೆಯಲಿ. ಪ್ರತಿಗಳನ್ನು ಕನಿಷ್ಠ ಎರಡು ಬೇರೆ ಬೇರೆ ಮನೆಗಳಲ್ಲಿ ಇರಿಸಿದರೆ ಒಂದು ನೆರೆಗೆ ಸಿಕ್ಕರೂ ಇನ್ನೊಂದು ಉಳಿಯುತ್ತದೆ. ಸ್ಕ್ಯಾನ್ ಆಯಿತೆಂದು ನೆಗೆಟಿವ್ ಎಸೆಯುವುದು ಸಲ್ಲದು. ‘ಘಟಶ್ರಾದ್ಧ’ವನ್ನು ಉಳಿಸಿದ್ದು ನೆಗೆಟಿವ್ ಎಂಬುದನ್ನು ಮರೆಯಬಾರದು. ಚಿತ್ರದ ಹಿಂದೆ ಮೆದು ಪೆನ್ಸಿಲಿನಿಂದ ಹೆಸರು, ಊರು, ವರ್ಷಗಳನ್ನು ಬರೆಯಬೇಕು. ಹೆಸರಿಲ್ಲದ ಚಿತ್ರ ಎರಡು ತಲೆಮಾರುಗಳಲ್ಲಿ ಅಪರಿಚಿತರ ಚಿತ್ರವಾಗುತ್ತದೆ.

ಅಸಲು ಮತ್ತು ನಕಲು

ಲೆಕ್ಕಪತ್ರದ ವ್ಯವಹಾರ ಬಲ್ಲವರಿಗೆ ಒಂದು ನಿಯಮ ಗೊತ್ತು. ನಕಲು ಪ್ರತಿ ಎಷ್ಟು ಅಂದವಾಗಿದ್ದರೂ ಮೂಲ ರಶೀದಿಯ ಸ್ಥಾನವನ್ನು ಪಡೆಯಲಾರದು. ಆದರೆ ‘ನಕಲು’ ಎಂದು ಮೇಲೆ ಬರೆದಿದ್ದರೆ ಅದು ಸುಳ್ಳೂ ಆಗದು. ಛಾಯಾಚಿತ್ರಕ್ಕೂ ಈ ನಿಯಮ ಹೊಂದುತ್ತದೆ. ತರುಣರು ತಮ್ಮ ಚಿತ್ರಗಳಿಗೆ ಹಳೆಯ ಛಾಯೆ ಹಚ್ಚಿ ಸಂತೋಷಪಡುವುದರಲ್ಲಿ ದೋಷವಿಲ್ಲ. ತಾವು ಕಾಣದ ಕಾಲವೊಂದರ ಮೇಲಿನ ಪ್ರೀತಿಯೂ ಅದರಲ್ಲಿದೆ. ಛಾಯೆ ಹಚ್ಚುವ ಮೊದಲಿನ ಮೂಲಚಿತ್ರವನ್ನು ಜೊತೆಗೆ ಉಳಿಸಿಕೊಂಡರೆ ಸಾಕು. ಮುಂದೆ ಅವರ ಮಕ್ಕಳಿಗೆ ತಂದೆ ತಾಯಿಯರ ನಿಜವಾದ ಮೈಬಣ್ಣ, ನಿಜವಾದ ಸೀರೆಯ ಬಣ್ಣ ಕಾಣಸಿಗುತ್ತದೆ.

ಹಾಗೆಯೇ, ಮೊಬೈಲಿನಲ್ಲಿ ಹಳೆತನವನ್ನು ಹುಡುಕುವ ಆ ಮಕ್ಕಳ ಕೈಗೆ ಮನೆಯ ಹಿರಿಯರು ಒಂದು ರವಿವಾರ ಹಳೆಯ ಆಲ್ಬಮನ್ನೇ ಕೊಡಲಿ. ಚಿತ್ರದಲ್ಲಿರುವವರು ಯಾರು ಯಾರೆಂದು ಹಿರಿಯರು ಹೇಳಲಿ, ಕಿರಿಯರು ಬರೆದುಕೊಳ್ಳಲಿ, ಅವರ ಜಾಣ್ಮೆಯ ಯಂತ್ರ ಅದನ್ನು ಸ್ಕ್ಯಾನ್ ಮಾಡಿ ಉಳಿಸಲಿ. ಮುಂದಿನ ಮಳೆಗಾಲಕ್ಕೆ ಮುಂಚೆ ಈ ಕೆಲಸ ಮುಗಿದರೆ ಒಳ್ಳೆಯದು.